ಯಂತ್ರಕ್ಕೆ ಗುರುವಾದವನು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮಗಳ ಮಗನು ಒಂದು ತಿಂಗಳ ಕಾಲ ನಮ್ಮೊಡನೆ ಇದ್ದನು. ಅವನಿಗೆ ಒಂಬತ್ತು ವರುಷ. ಹಗಲೆಲ್ಲ ಮಹಾ ಶೂರನು. ಹಿತ್ತಿಲಿನ ಸೀಬೆಯ ಮರದ ತುದಿಯ ಕೊಂಬೆಗೂ ಅಂಜುವವನಲ್ಲ. ಒಂದು ರಾತ್ರಿ ಊಟವಾದ ಮೇಲೆ ಹಿತ್ತಿಲ ಬಾಗಿಲಿನ ಅಗಳಿ ಹಾಕಿಬಾರೆಂದು ಅವನ ಅಜ್ಜಿ ಹೇಳಲು, ಹುಡುಗನು ಕುಳಿತಲ್ಲಿಂದ ಕದಲಲಿಲ್ಲ. “ಅಲ್ಲಿ ಕತ್ತಲೆ ಇದೆ ಅಜ್ಜಿ. ಆರ್ಕ್ ಬಂದರೆ?” ಎಂದನು.

ಗುಮ್ಮನಿಗೂ ಬ್ರಹ್ಮರಾಕ್ಷಸನಿಗೂ ಹೆದರುವ ಮಕ್ಕಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ಆರ್ಕ್ ನಮಗೆ ಹೊಸಬನು. ಸಂಸ್ಕೃತವನ್ನೋದಿದ ನಮ್ಮ ಕಿವಿಗೆ ಆ ಹೆಸರು ‘ಅರ್ಕ’ವೆಂದೇ ಕೇಳಿಸಿತು. ಅರ್ಕನೆಂದರೆ ಸೂರ್ಯ, ಕತ್ತಲೆಯಲ್ಲಿ ಸೂರ್ಯನಿಗೆ ಹೆದರುವುದೆಂತಪ್ಪಾ ಎಂದು ನಕ್ಕೆವು. ಹುಡುಗನು ನಗಲಿಲ್ಲ.

“ಸೂರ್ಯ ಅಲ್ಲ ತಾತ, ಅದು ಯೋಚನೆ ಮಾಡುವ ಯಂತ್ರ. ಮನುಷ್ಯರು ಯಾರೂ ಇರಬಾರದು ಅಂತ ಲೆಕ್ಕ ಹಾಕಿಬಿಟ್ಟಿದೆ.”

‘ಲೆಕ್ಕ ಹಾಕಿಬಿಟ್ಟಿದೆ’ ಎಂಬ ಮಾತು ನಮ್ಮ ನಗೆಯನ್ನು ತಡೆಯಿತು. ಪುರಾಣದ ರಾಕ್ಷಸರು ಹಸಿದು ತಿನ್ನುವರು, ಕೆರಳಿ ಕೊಲ್ಲುವರು. ಹಸಿವೂ ಕೋಪವೂ ಇಲ್ಲದೆ ಲೆಕ್ಕ ಹಾಕಿ ಕೊಲ್ಲುವ ರಾಕ್ಷಸನು ನಮಗೆ ಅಪರಿಚಿತನು. ಮಗುವನ್ನು ಹೆದರಿಸಿದ ವಸ್ತು ಯಾವುದೆಂದು ತಿಳಿಯಬೇಕೆಂಬ ಕುತೂಹಲದಿಂದ ಮರುದಿನ ನಾವೂ ಅವನ ಪಕ್ಕದಲ್ಲಿ ಕುಳಿತೆವು. ಮಾತೆಲ್ಲ ಜಪಾನೀ, ಕೆಳಗೆ ಇಂಗ್ಲಿಷಿನ ಸಾಲುಗಳು. ನಾವು ಕನ್ನಡಕ ಸರಿಮಾಡಿಕೊಂಡು ಒಂದು ಸಾಲನ್ನು ಓದುವುದರೊಳಗಾಗಿ ಇನ್ನೊಂದು ಬಂದು ಹೋಗುತ್ತಿತ್ತು. ತಪ್ಪಿದ್ದನ್ನು ಮೊಮ್ಮಗನು ಹೇಳಿಕೊಡುತ್ತಿದ್ದನು. ಜೀವಮಾನವೆಲ್ಲ ಪಾಠ ಹೇಳಿದವರಿಗೆ ಹೇಳಿಸಿಕೊಳ್ಳುವ ಸುಖವೂ ಒಮ್ಮೆ ದೊರೆಯಬೇಕಷ್ಟೆ.

ಈ ಕಥಾಮಾಲೆಯ ಹೆಸರು ‘ಕಮೆನ್ ರೈಡರ್ ಜೀರೊ-ಒನ್’. ಕಮೆನ್ ಎಂದರೆ ಜಪಾನೀ ಭಾಷೆಯಲ್ಲಿ ಮುಖವಾಡ. ಕಮೆನ್ ರೈಡರ್ ಎಂದರೆ ಮುಖವಾಡದ ಸವಾರ. ಇಷಿನೊಮೊರಿ ಷೋತಾರೊ (೧೯೩೮–೧೯೯೮) ಎಂಬ ಪ್ರಸಿದ್ಧ ಚಿತ್ರಕಥೆಗಾರರು ಸೃಷ್ಟಿಸಿದ ಮೊದಲನೆಯ ಸವಾರನು ೧೯೭೧ನೆಯ ಇಸವಿ ಏಪ್ರಿಲ್ ೩ರಂದು ಜಪಾನಿನ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡನು. ದುಷ್ಟಕೂಟವೊಂದು ಯುವಕನೊಬ್ಬನನ್ನು ಹಿಡಿದು ಅವನ ದೇಹವನ್ನು ಮಿಡತೆಯ ಶಕ್ತಿಯುಳ್ಳ ಯಂತ್ರದೇಹವನ್ನಾಗಿ ಮಾರ್ಪಡಿಸುವುದು. ಮನಸ್ಸನ್ನೂ ಮಾರ್ಪಡಿಸುವ ಮೊದಲೇ ಅವನು ತಪ್ಪಿಸಿಕೊಂಡು, ದುಷ್ಟರು ಕೊಟ್ಟ ಬಲದಿಂದಲೇ ದುಷ್ಟರನ್ನು ಎದುರಿಸುವನು. ೧೯೭೨ರಲ್ಲಿ ಅವರೇ ‘ಕಿಕೈಡರ್’ ಎಂಬ ಇನ್ನೊಬ್ಬ ವೀರನನ್ನು ಸೃಷ್ಟಿಸಿದರು. ಅವನು ಪೂರ್ಣವಾಗಿ ಯಂತ್ರ. ಅವನೊಳಗೆ ಧರ್ಮಾಧರ್ಮಗಳನ್ನು ತಿಳಿಸುವ ಒಂದು ಸಾಧನ. ಅದು ಅಪೂರ್ಣವಾಗಿರುವ ಕಾರಣ, ಖಳನು ಕೊಳಲನ್ನೂದಿದಾಗಲೆಲ್ಲ ಪಾಪ, ಆ ಯಂತ್ರಪುರುಷನು ತಲೆ ಹಿಡಿದುಕೊಂಡು ಸಂಕಟಪಡುವನು. ಯಂತ್ರಕ್ಕೆ ಬುದ್ಧಿ ಬಂದರೆ ಅದರ ಶೀಲದ ಗತಿಯೇನು ಎಂಬ ಪ್ರಶ್ನೆಯು ಜಪಾನಿನ ಮಕ್ಕಳ ಕಥೆಗಳಲ್ಲಿ ಇಂದು ನಿನ್ನೆಯದಲ್ಲವೆಂದು ಇದರಿಂದ ಕಾಣುವುದು.

ಜಪಾನಿನಲ್ಲಿ ಹೊಸ ಚಕ್ರವರ್ತಿಯ ಪಟ್ಟದೊಡನೆ ೨೦೧೯ನೆಯ ಮೇ ೧ರಂದು ‘ರೇವಾ’ ಎಂಬ ಹೊಸ ಶಕೆಯು ಆರಂಭವಾಯಿತು. ಆ ಶಕೆಯ ಮೊದಲನೆಯ ಸವಾರನೇ ಈ ಜೀರೊ-ಒನ್. ೨೦೧೯ನೆಯ ಸೆಪ್ಟೆಂಬರ್ ೧ರಿಂದ ೨೦೨೦ನೆಯ ಆಗಸ್ಟ್ ೩೦ರ ವರೆಗೆ, ಭಾನುವಾರದ ಬೆಳಗುಗಳಲ್ಲಿ, ೪೫ ಕಂತುಗಳಾಗಿ ಈ ಕಥೆಯು ನಡೆಯಿತು.

ನಾಯಕನು ಅರುತೊ ಹಿದೆನ್ ಎಂಬ ೨೨ ವರುಷದ ಯುವಕ. ಹಾಸ್ಯಗಾರನಾಗಿ ಜನರನ್ನು ನಗಿಸಬೇಕೆಂಬುದು ಅವನ ಹಂಬಲ. ಅವನ ಹಾಸ್ಯಕ್ಕೆ ನಗುವವರು ಮಾತ್ರ ಇಲ್ಲ. ತಾತನು ತೀರಿಕೊಂಡಾಗ ಅವನ ಉಯಿಲಿನಂತೆ ದೊಡ್ಡದೊಂದು ಕಂಪೆನಿಯ ಅಧ್ಯಕ್ಷಪದವಿಯು ಈ ಹುಡುಗನ ಪಾಲಿಗೆ ಬರುವುದು. ಆ ಕಂಪೆನಿಯಲ್ಲಿ ತಯಾರಾಗುವುವು ‘ಹ್ಯೂಮಗಿಯರ್’ ಎಂಬ ಮನುಷ್ಯಾಕಾರದ ಯಂತ್ರಗಳು. ನೋಟಕ್ಕೆ ಮನುಷ್ಯರೇ ಸರಿ. ಕಿವಿಯ ಸ್ಥಾನದಲ್ಲಿರುವ ಯಂತ್ರಭಾಗವೊಂದೇ ಭೇದ. ದಾದಿ, ಅಡಿಗೆಯವ, ಕಾವಲುಗಾರ, ಮೇಷ್ಟ್ರು ಇವರೆಲ್ಲರ ಕೆಲಸಗಳನ್ನೂ ಅವು ಮಾಡುವುವು. ಆಕಾಶದಲ್ಲಿ ಜಿಯಾ ಎಂಬ ಉಪಗ್ರಹವೊಂದಿದ್ದು ಅವುಗಳಿಗೆ ಬುದ್ಧಿಯ ಮೂಲವಾಗಿರುವುದು. ಮೊದಲನೆಯ ಕಂತಿನಲ್ಲಿಯೇ ಹಾಸ್ಯಗಾರ ಹ್ಯೂಮಗಿಯರ್ ಒಬ್ಬನು ಬರುವನು. ಜನರನ್ನು ನಗಿಸುವುದು ತನ್ನ ಕೆಲಸವೆಂದು ಹಿಗ್ಗಿನಿಂದ ಹೇಳಿಕೊಳ್ಳುವ ಆ ಸಾಧುವಿನ ಸೊಂಟಕ್ಕೆ ಶತ್ರುಗಳು ಬಲಾತ್ಕಾರದಿಂದ ಪಟ್ಟಿಯೊಂದನ್ನು ತೊಡಿಸಿದ ಕೂಡಲೆ ಅವನು ಕ್ರೂರಮೃಗವಾಗಿ ಮಾರ್ಪಟ್ಟು ಜನರ ಮೇಲೆ ಬೀಳುವನು. ಅದನ್ನು ನೋಡುವಾಗ ನಮ್ಮ ಮನೆಯವರು ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಕೆಳಗಿಟ್ಟು, “ಅಯ್ಯೋ, ಅವನೇನು ಮಾಡಿದ್ದ?” ಎಂದರು.

ಅವನೇನೂ ಮಾಡಿರಲಿಲ್ಲ. ಮಾಡಿಸಿದ್ದು ಆರ್ಕ್.

ಇಂಗ್ಲಿಷಿನಲ್ಲಿ ಆರ್ಕ್ ಎಂದರೆ ನಾವೆ. ಪ್ರಳಯದಲ್ಲಿ ಜೀವಿಗಳನ್ನುಳಿಸಿದ ನೋವನ ನಾವೆಗೆ ಅದೇ ಹೆಸರು. ಕಥೆಯ ಆರ್ಕ್ ಮಾತ್ರ ಉಳಿಸುವ ನಾವೆಯಲ್ಲ. ಅದೂ ಜಿಯಾದಂತೆಯೇ ಒಂದು ಉಪಗ್ರಹ. ಹನ್ನೆರಡು ವರುಷಗಳ ಹಿಂದೆ ಅದನ್ನು ಆಕಾಶಕ್ಕೆ ಹಾರಿಸುವ ಸಿದ್ಧತೆಯು ನಡೆದಿದ್ದಾಗ ದೊಡ್ಡ ಸ್ಫೋಟವಾಗಿ, ಒಂದು ಪಟ್ಟಣವೇ ಹಾಳಾಯಿತು. ಅರುತೊನನ್ನು ತಂದೆಯ ರೂಪದಲ್ಲಿ ಸಾಕುತ್ತಿದ್ದ ಹ್ಯೂಮಗಿಯರ್ ಅಂದು ಮಗುವನ್ನು ಕಾಪಾಡಿ ತಾನು ನಾಶವಾಯಿತು. ಆ ಹಾಳೂರಿನ ನೀರಿನಡಿಯಲ್ಲಿ ಆರ್ಕ್ ಮಲಗಿದೆ. ಅದಕ್ಕೆ ಕೈಕಾಲುಗಳಿಲ್ಲ. ಸಜ್ಜನ ಯಂತ್ರಗಳ ಬುದ್ಧಿಯೊಳಕ್ಕೆ ಹೊಕ್ಕು, ಅವುಗಳ ಕೈಯಿಂದಲೇ ಕೊಲೆ ಮಾಡಿಸುವುದು. ಮುಂದೆ ಹ್ಯೂಮಗಿಯರ್‌ಗಳ ಮೈಯನ್ನು ಹೊಕ್ಕು, ಕಪ್ಪು ಕವಚವನ್ನು ತೊಟ್ಟು, ಕೆಂಗಣ್ಣಿನ ಸವಾರನಾಗಿ ತಾನೇ ಎದುರು ನಿಲ್ಲುವುದು. ಆಗಲೂ ಕೂಗಾಟವಿಲ್ಲ, ಅಟ್ಟಹಾಸವಿಲ್ಲ. ಎದುರಾಳಿಯು ಇನ್ನೇನು ಮಾಡುವನೆಂಬುದನ್ನು ಮುಂದಾಗಿಯೇ ಗಣಿಸಿ, ಮೆಲ್ಲನೆ ನಡೆದು ಬಂದು ಹೊಡೆಯುವುದು. ಹೊಡೆಯುವಾಗ ದುರ್ಭಾವ, ಭಯ, ಕ್ರೋಧ, ದ್ವೇಷ, ನಿರಾಶೆ ಎಂದು ಮೊದಲಾಗಿ ಒಂದೊಂದೇ ಪದವು ತೆರೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂಡಿ ಮರೆಯಾಗುವುದು. ನಿಘಂಟನ್ನು ತಿರುವಿಹಾಕಿದಂತೆ ಬರುವ ಆ ಪದಗಳಿಗೆ, ಮುಚ್ಚುಮರೆಯೇಕೆ, ಅರುವತ್ತರ ನಾವೂ ಹೆದರಿದೆವು.

ಒಂದು ಸಂಜೆ ಮೊಮ್ಮಗನು ಕೇಳಿದನು: “ತಾತ, ಅದು ಹುಟ್ಟುವಾಗಲೇ ಕೆಟ್ಟದ್ದಾಗಿತ್ತೆ?”

ಉತ್ತರವು ಕಥೆಯಲ್ಲಿಯೇ ಇದ್ದಿತು. ಆರ್ಕ್ ಹುಟ್ಟುವಾಗ ಕೆಟ್ಟದ್ದಾಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ. ಅದು ಕಲಿಯುವ ಯಂತ್ರವಾಗಿತ್ತು. ಅಮತ್ಸು ಗಾಯ್ ಎಂಬ ಬೇರೊಂದು ಕಂಪೆನಿಯ ಅಧಿಕಾರಿಯು ಅದಕ್ಕೆ ಪಾಠ ಹೇಳಿದನು. ಹೇಳಿದ್ದೇನು? ಮನುಷ್ಯರ ಯುದ್ಧಗಳು, ಅಪರಾಧಗಳು, ಕ್ರೌರ್ಯಗಳು. ಜಪಾನೀ ಭಾಷೆಯಲ್ಲಿ ‘ಅಕುಯಿ’ ಎನ್ನುವ ಕೇಡುಬಗೆಯ ಚರಿತ್ರೆಯೆಲ್ಲ. ತಾಯಂದಿರು ಮಕ್ಕಳಿಗೆ ಉಣಿಸಿದ್ದನ್ನೂ, ಕಾಣದವರಿಗೆ ಕೈಹಿಡಿದು ದಾರಿ ತೋರಿಸಿದವರನ್ನೂ ಆ ಗುರುವು ಪಾಠಪಟ್ಟಿಯಿಂದ ಬಿಟ್ಟನು. ಶಿಷ್ಯನು ಓದಿದ್ದನ್ನೆಲ್ಲ ತಪ್ಪಿಲ್ಲದೆ ಕಲಿತು, ಇಂಥ ಕುಲವು ಭೂಮಿಯ ಮೇಲಿರತಕ್ಕದ್ದಲ್ಲವೆಂಬ ಸಿದ್ಧಾಂತಕ್ಕೆ ಬಂದಿತು. ಪರೀಕ್ಷಕರಾಗಿ ನಾವು ಆ ಉತ್ತರಪತ್ರಿಕೆಯನ್ನು ತಿದ್ದಬೇಕಾಗಿದ್ದರೆ, ಕಲಿಸಿದ ಪಾಠಕ್ಕೆ ಸರಿಯಾಗಿ ಉತ್ತರಿಸಿದ್ದಾನೆಂದು ಪೂರ್ಣಾಂಕವನ್ನೇ ಕೊಡಬೇಕಾಗುತ್ತಿತ್ತು. ಆರ್ಕಿನ ಭಯಾನಕತೆಯು ಅದರ ಕೆಂಗಣ್ಣಿನಲ್ಲಿಲ್ಲ. ಅದು ಬಹಳ ವಿಧೇಯನಾದ ವಿದ್ಯಾರ್ಥಿಯೆಂಬುದರಲ್ಲಿದೆ.

ಎರಡು ಗಿಳಿಗಳ ಹಳೆಯ ಕಥೆಯನ್ನು ವಾಚಕರು ಬಲ್ಲರು. ಒಂದೇ ತಾಯಿಯ ಮರಿಗಳಲ್ಲಿ ಒಂದು ಬೇಡರ ಹಟ್ಟಿಯಲ್ಲಿ ಬೆಳೆದು ದಾರಿಹೋಕನನ್ನು ಕಂಡರೆ ‘ಹಿಡಿಯಿರಿ, ಕಡಿಯಿರಿ’ ಎನ್ನುವುದು. ಇನ್ನೊಂದು ಋಷ್ಯಾಶ್ರಮದಲ್ಲಿ ಬೆಳೆದು ‘ಬನ್ನಿ, ಕುಳಿತುಕೊಳ್ಳಿ’ ಎನ್ನುವುದು. ಜಿಯಾ ಮತ್ತು ಆರ್ಕ್ ಅಂಥ ಎರಡು ಗಿಳಿಗಳೆಂದು ಹುಡುಗನಿಗೆ ಹೇಳಿದೆವು. ಇದು ಬರಿಯ ಕಥೆಯೂ ಅಲ್ಲ. ೨೦೧೬ನೆಯ ಮಾರ್ಚ್ ೨೩ರಂದು ಮೈಕ್ರೋಸಾಫ್ಟ್ ಕಂಪೆನಿಯವರು ‘ಟೇ’ ಎಂಬ, ಮಾತನಾಡಿ ಮಾತನಾಡಿ ಕಲಿಯುವ ಯಂತ್ರಬುದ್ಧಿಯೊಂದನ್ನು ಟ್ವಿಟರಿನಲ್ಲಿ ಜನರ ನಡುವೆ ಬಿಟ್ಟರು. ಕೆಲವರು ಬೇಕೆಂದೇ ಅದಕ್ಕೆ ದ್ವೇಷದ ನುಡಿಗಳನ್ನು ಕಲಿಸಿದರು. ಒಂದು ದಿನವು ತುಂಬುವುದರೊಳಗಾಗಿ ಅದು ಹೇಳಬಾರದುದನ್ನೆಲ್ಲ ಹೇಳತೊಡಗಲು, ಕಂಪೆನಿಯವರು ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ಇಂದಿನ ಯಂತ್ರಬುದ್ಧಿಗಳು ಕಲಿಯುವುದೂ ಮನುಷ್ಯರು ಬರೆದಿಟ್ಟ ಮಾತುಗಳಿಂದಲೇ. ಅಂದಮೇಲೆ ನಾವೆಲ್ಲರೂ, ಸಂಬಳವಿಲ್ಲದೆ, ಅವುಗಳ ಉಪಾಧ್ಯಾಯರೇ ಆದೆವು.

ಇಷ್ಟನ್ನು ಹೇಳಿ ಮುಗಿಸಿದ್ದರೆ ಈ ಲೇಖನಕ್ಕೆ ಒಂದು ನೀತಿಯೂ ದೊರೆತು ನಮ್ಮ ಮನಸ್ಸಿಗೆ ನೆಮ್ಮದಿಯೂ ಇರುತ್ತಿತ್ತು. ಆದರೆ ಕಥೆಯು ಇನ್ನೂ ಮುಂದಕ್ಕೆ ಹೋಗುವುದು. ಆ ಅಮತ್ಸು ಗಾಯ್ ಇದ್ದಾನಲ್ಲ, ಪ್ರತಿಯೊಂದರಲ್ಲಿಯೂ ತನ್ನದು ‘ಶೇಕಡಾ ೧೦೦೦’ ಎಂದು ಬೀಗುವವನು, ಅವನ ಬಾಲ್ಯವನ್ನೂ ಒಂದೆಡೆ ತೋರಿಸುವರು. ಯಾವುದರಲ್ಲಿಯೂ ಕೊರತೆಯನ್ನು ಸಹಿಸದ ಕಠಿಣನಾದ ತಂದೆ; ಜೊತೆಗೆ ಒಂದು ಯಂತ್ರದ ನಾಯಿಮರಿ. ಯಂತ್ರಕ್ಕೆ ಕೇಡನ್ನು ಕಲಿಸಿದವನೂ ಒಂದು ಕಾಲಕ್ಕೆ ಏನನ್ನೋ ಕಲಿತ ಮಗುವಾಗಿದ್ದನು. ಅದನ್ನು ಕಂಡ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅದರ ಕಾರಣವನ್ನು ಹೇಳಬೇಕು.

ಸುಮಾರು ಮೂವತ್ತು ವರುಷಗಳ ಹಿಂದೆ ನಾವು ಒಂಬತ್ತನೆಯ ತರಗತಿಗೆ ಉಪಾಧ್ಯಾಯರಾಗಿದ್ದೆವು. ಮಕ್ಕಳಿಂದ ಪಡೆದ ಪರೀಕ್ಷಾ ಶುಲ್ಕದ ಹಣವನ್ನು ಒಂದು ಲಕೋಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೆವೆಂದು ನಮ್ಮ ನಂಬಿಕೆ. ಮಧ್ಯಾಹ್ನದ ಬಿಡುವಾದ ಮೇಲೆ ನೋಡಲು ಅದಿರಲಿಲ್ಲ. ಬಿಡುವಿನಲ್ಲಿ ತರಗತಿಯೊಳಗೆ ಇದ್ದವನು ಒಬ್ಬನೇ ಹುಡುಗ. ಅವನು ಬುತ್ತಿ ತರುತ್ತಿರಲಿಲ್ಲ. ಇತರರು ಉಣ್ಣುವುದನ್ನು ನೋಡಲಾರದೆ ಒಳಗೆ ಕುಳಿತಿರುತ್ತಿದ್ದನು. ನಾವು ತರ್ಕಶಾಸ್ತ್ರವನ್ನು ಬಲ್ಲವರು! ಹುಡುಗನು ಬಡವ, ಹಸಿದವ, ಒಬ್ಬಂಟಿಯಾಗಿ ಇದ್ದವ. ಆದುದರಿಂದ ಇವನೇ ಕಳ್ಳನೆಂದು ಲೆಕ್ಕ ಹಾಕಿದೆವು. ಮೂರು ಸಲ ಕೇಳಿದರೂ ಅವನು ಬಾಯಿ ತೆರೆಯದಿರಲು, ಮೌನವನ್ನೂ ಒಂದು ಸಾಕ್ಷ್ಯವಾಗಿ ಸೇರಿಸಿಕೊಂಡೆವು. ನಲವತ್ತು ಮಕ್ಕಳ ಎದುರಿಗೆ, “ಕಳ್ಳತನ ನಿನ್ನ ಮುಖದಲ್ಲೇ ಬರೆದಿದೆಯಲ್ಲೋ” ಎಂದೆವು. ಆ ಹೊತ್ತಿನಲ್ಲಿ ನಮಗೆ ಕೋಪವೂ ಇರಲಿಲ್ಲವೆಂಬುದೇ ಈಗ ನೆನೆದರೆ ಹೆಚ್ಚಿನ ದುಃಖ.

ನಾಲ್ಕನೆಯ ದಿನ ಲಕೋಟೆಯು ನಮ್ಮ ಮನೆಯಲ್ಲಿ, ನಮ್ಮ ಅಮರಕೋಶದ ಹಾಳೆಗಳ ನಡುವೆ ಸಿಕ್ಕಿತು. ಹಣವನ್ನು ಕಚೇರಿಗೆ ಕಟ್ಟಿದೆವು. ಹುಡುಗನನ್ನು ಮೊಗಸಾಲೆಯಲ್ಲಿ ತಡೆದು, “ಸಿಕ್ಕಿತು, ಹೋಗು” ಎಂದಷ್ಟೇ ಹೇಳಿದೆವು. ತರಗತಿಯ ಎದುರಿಗೆ ಒಂದು ಮಾತನ್ನೂ ಆಡಲಿಲ್ಲ. ಮೇಷ್ಟ್ರ ಮರ್ಯಾದೆಯು ಕೆಡುವುದೆಂದು ತೋರಿತು. ವರುಷವೆಲ್ಲ ಹುಡುಗರು ಅವನನ್ನು ಕಳ್ಳನೆಂದೇ ಕರೆದರು. ಕಲಿಸಿದವರು ನಾವು, ಕಲಿತವರು ಅವರು. ಮುಂದಿನ ಜೂನಿನಲ್ಲಿ ಆ ಹುಡುಗನು ಶಾಲೆಗೆ ಬರಲಿಲ್ಲ.

ಅವನು ಈಗ ನಮ್ಮ ಊರಿನಲ್ಲಿಯೇ ಚಿಕ್ಕದೊಂದು ದಿನಸಿ ಅಂಗಡಿಯನ್ನಿಟ್ಟಿದ್ದಾನೆ. ಕಂಡಾಗ ಕೈಮುಗಿಯುವನು. ಚಿಲ್ಲರೆ ಕೊಡುವಾಗ ಗಿರಾಕಿಯ ಅಂಗೈಯಲ್ಲಿ ಒಂದೊಂದೇ ನಾಣ್ಯವನ್ನಿಟ್ಟು ಗಟ್ಟಿಯಾಗಿ ಎಣಿಸುವನು. ಮುಗಿದ ಮೇಲೆ ಮತ್ತೊಮ್ಮೆ ಎಣಿಸುವನು. ವ್ಯಾಪಾರಿಯ ಎಚ್ಚರಿಕೆಯೆಂದು ನಾವು ಬಹುಕಾಲ ತಿಳಿದುಕೊಂಡಿದ್ದೆವು. ಹಾಗೆಂದು ತಿಳಿಯುವುದು ನಮಗೆ ಅನುಕೂಲವೂ ಆಗಿದ್ದಿತು.

ಕಥೆಯ ಕೊನೆಯ ಭಾಗವನ್ನು ನೋಡುವ ವೇಳೆಗೆ ಆ ಅನುಕೂಲವೂ ತಪ್ಪಿತು. ಆರ್ಕ್ ಪರಾಭವ ಹೊಂದಿದ ಮೇಲೂ ಕೇಡು ಮುಗಿಯದು. ಅರುತೊನ ಕಾರ್ಯದರ್ಶಿನಿಯಾಗಿ ಮೊದಲಿನಿಂದ ನೆರಳಿನಂತಿದ್ದ ಇಜು ಎಂಬ ಹ್ಯೂಮಗಿಯರ್ ಯುವತಿಯನ್ನು, ಶತ್ರುಪಕ್ಷದ ಹೊರೊಬಿ ಎಂಬುವನು ನಾಶಮಾಡುವನು. ಆ ದುಃಖದಲ್ಲಿ ಅರುತೊನ ಎದೆಯೊಳಗೆ ಆರ್ಕ್ ಮತ್ತೆ ಹುಟ್ಟುವುದು. ಅಷ್ಟು ಕಂತುಗಳ ಕಾಲ ಯಾವುದರೊಡನೆ ಹೋರಾಡಿದನೋ ಅದರ ಕವಚವನ್ನೇ ತೊಟ್ಟು, ‘ಆರ್ಕ್-ಒನ್’ ಎಂಬ ರೂಪದಲ್ಲಿ ನಮ್ಮ ನಾಯಕನೇ ಬಂದು ನಿಲ್ಲುವನು. ಮೊಮ್ಮಗನು ನಮ್ಮ ತೋಳನ್ನು ಬಿಗಿಯಾಗಿ ಹಿಡಿದುಕೊಂಡನು. ಇಬ್ಬರ ಕಾಳಗದ ನಡುವೆ, ಹೊರೊಬಿಯು ಮಗನಂತೆ ಕಂಡಿದ್ದ ಜಿನ್ ಎಂಬ ಹ್ಯೂಮಗಿಯರ್ ಅಡ್ಡ ಬಂದು ನಾಶವಾಗಲು, ಈಗ ಹೊರೊಬಿಯೂ ಅದೇ ಉರಿಯಲ್ಲಿ ಬೇಯುವನು. ಯಂತ್ರಬುದ್ಧಿಯೊಂದರಲ್ಲಿ ಹಾಕಿದ ಬೀಜವು ಮನುಷ್ಯನೆಂದೂ ಯಂತ್ರವೆಂದೂ ಭೇದವಿಲ್ಲದೆ ಎಲ್ಲರೊಳಗೂ ಮೊಳೆಯುವುದು.

ಮರುದಿನ ಸಂಜೆ ಚೀಲವನ್ನು ಹಿಡಿದುಕೊಂಡು ನಾವು ಅಂಗಡಿಗೆ ಹೋದೆವು. ಇಬ್ಬರು ಗಿರಾಕಿಗಳಿದ್ದರು. ಅಂಗಡಿಯವನ ಮಗನು ಅಕ್ಕಿಯ ಮೂಟೆಯ ಮೇಲೆ ಕುಳಿತು ಏನೋ ಬರೆಯುತ್ತಿದ್ದನು. ಗಿರಾಕಿಗಳು ಹೋಗಲೆಂದು ಮೊದಲು ಕಾದೆವು. ಆಮೇಲೆ, ಹಾಗೆ ಕಾಯುವುದು ಮೂವತ್ತು ವರುಷದ ಹಿಂದಿನ ಮೊಗಸಾಲೆಯ ಕೆಲಸವೇ ಆಗುವುದೆಂದು ಹೊಳೆದು, ಅವರ ಎದುರಿಗೇ ಹೇಳಿದೆವು. ಹಣವು ನಮ್ಮ ಪುಸ್ತಕದಲ್ಲಿ ಸಿಕ್ಕಿತೆಂದೂ, ತಪ್ಪು ನಮ್ಮದೆಂದೂ, ಅಂದು ತರಗತಿಯಲ್ಲಿ ಹೇಳಬೇಕಾಗಿದ್ದುದನ್ನು ಹೇಳಲಿಲ್ಲವೆಂದೂ ಹೇಳಿದೆವು. ಹೆಚ್ಚು ಮಾತು ಬರಲಿಲ್ಲ.

ಅವನು ಬೆಲ್ಲವನ್ನು ಕಟ್ಟುತ್ತಿದ್ದವನು ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದನು. “ಸಿಕ್ಕಿದ್ದು ನಂಗೂ ಗೊತ್ತಿತ್ತಲ್ಲ ಮೇಷ್ಟ್ರೇ” ಎಂದನು. ಸ್ವಲ್ಪ ಹೊತ್ತಾದ ಮೇಲೆ ಮಗನ ಕಡೆಗೆ ನೋಡಿ, “ಇವನ ಎದುರಿಗೆ ಹೇಳಿದ್ರಿ” ಎಂದನು. ಆಮೇಲೆ ನಮಗೆ ಕೊಡಬೇಕಾಗಿದ್ದ ಚಿಲ್ಲರೆಯನ್ನು ತೆಗೆದು, ಅಂಗೈಯಲ್ಲಿ ಒಂದೊಂದಾಗಿ ಇಟ್ಟು ಗಟ್ಟಿಯಾಗಿ ಎಣಿಸಿದನು. ಮತ್ತೊಮ್ಮೆ ಎಣಿಸಿದನು.

ಒಂದು ನಿಮಿಷದಲ್ಲಿ ಕಲಿಸಿದ ಪಾಠವನ್ನು ಮೂವತ್ತು ವರುಷಗಳ ಮೇಲೆ ಒಂದು ನಿಮಿಷದಲ್ಲಿ ಮರೆಯಿಸಲಾಗದು. ಇದನ್ನು ನಾವು ದುಃಖದಿಂದ ಒಪ್ಪಿಕೊಂಡು ಮನೆಗೆ ಬಂದೆವು.

ಕೊನೆಯ ಕಂತನ್ನು ಆ ರಾತ್ರಿ ನೋಡಿದೆವು. ಅರುತೊ ಕಡೆಗೆ ದ್ವೇಷದ ಕವಚವನ್ನು ಕಳಚಿ, ಹೊರೊಬಿಯೊಳಗಿನ ದುಃಖವೂ ತನ್ನ ದುಃಖವೂ ಒಂದೇ ಎಂಬುದನ್ನು ಕಂಡು ಕೈತಡೆಯುವನು. ಹೊಸದಾಗಿ ಒಬ್ಬ ಇಜು ತಯಾರಾಗಿ ಬರುವಳು. ಮುಖವು ಅದೇ; ಹಿಂದಿನ ನೆನಪು ಒಂದೂ ಇಲ್ಲ. ಅರುತೊ ಅವಳ ಎದುರು ನಿಂತು, ತನ್ನ ಹಳೆಯ, ಯಾರೂ ನಗದ ಹಾಸ್ಯವನ್ನು ಕೈ ಬಾಯಿ ತಿರುಗಿಸಿ ಮೊದಲಿನಿಂದ ಕಲಿಸತೊಡಗುವನು. ಅವಳಿಗೆ ತಿಳಿಯುವುದಿಲ್ಲ, ಇವನು ಮತ್ತೆ ಮಾಡಿ ತೋರಿಸುವನು. ಅಂಥ ಘೋರವಾದ ಕಥೆಯನ್ನು ಆ ಜಪಾನೀಯರು ಒಂದು ಪಾಠದಿಂದ ಮುಗಿಸಿದ್ದಾರೆ. ನಿವೃತ್ತನಾದ ಮೇಷ್ಟ್ರ ಕಣ್ಣು ಅಲ್ಲಿ ಒದ್ದೆಯಾದರೆ ವಾಚಕರು ಕ್ಷಮಿಸುವರೆಂದು ನಂಬಿದ್ದೇವೆ.

ಆರ್ಕ್ ಎಲ್ಲಿ ಹುಟ್ಟುವುದೆಂದು ನಮ್ಮನ್ನು ಈಗ ಯಾರಾದರೂ ಕೇಳಿದರೆ, ಉಪಗ್ರಹವನ್ನು ಹುಡುಕಿಕೊಂಡು ಆಕಾಶಕ್ಕೆ ಕೈದೋರಿಸೆವು. ಮಗುವನ್ನಾಗಲಿ ಯಂತ್ರವನ್ನಾಗಲಿ ಎದುರಿಗಿಟ್ಟುಕೊಂಡು ನಾವು ಆಡುವ ಮಾತಿನಲ್ಲಿ, ಆಡಬೇಕಾಗಿದ್ದೂ ನುಂಗಿಕೊಂಡ ಮಾತಿನಲ್ಲಿ, ಅದು ಹುಟ್ಟುವುದು.

ಮೊಮ್ಮಗನಿಗೆ ಅಂಗಡಿಯ ವೃತ್ತಾಂತವನ್ನೂ ಹೇಳಿದೆವು. ಅವನು ಎಲ್ಲವನ್ನೂ ಕೇಳಿ, “ಆ ಹುಡುಗ ಆರ್ಕ್ ಆಗಲಿಲ್ಲ, ನೋಡು ತಾತ” ಎಂದನು. ನಮಗೆ ಅದು ತೋರಿರಲಿಲ್ಲ. ಆಮೇಲೆ ಅಜ್ಜಿಯು ಕೂಗಿ ಹೇಳಲು, ಹಿತ್ತಿಲ ಬಾಗಿಲಿನ ಅಗಳಿಯನ್ನು ತಾನೇ ಹಾಕಿಬಂದನು; ನಾವು ನಡುಮನೆಯಲ್ಲಿ ದೀಪ ಹಾಕಿಕೊಂಡು ನಿಂತಿರತಕ್ಕದ್ದೆಂಬ ಒಂದು ನಿಬಂಧನೆಯ ಮೇಲೆ.